ಸೈಟ್ ಕೂರುತ್ತಿಲ್ಲವೇ? ಕಲಿಯುವವರ ಏರ್ ರೈಫಲ್‌ನಲ್ಲಿ ತಪ್ಪು ಹುಡುಕುವ ಬಗೆ

ಹೋದ ಮಳೆಗಾಲದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅಪ್ಪನ ಜೊತೆ ನಾವು ಅಭ್ಯಾಸ ಮಾಡುವ ರೇಂಜಿಗೆ ಬಂದಳು. ಕೈಯಲ್ಲಿ ಸೆಕೆಂಡ್ ಹ್ಯಾಂಡ್ ಏರ್ ರೈಫಲ್, ಅದಕ್ಕೆ ಪೀಪ್ ಸೈಟ್, ಅಂದರೆ ಸಣ್ಣ ತೂತಿನೊಳಗೆ ನೋಡಿ ಗುರಿ ಇಡುವ ಸಾಧನ. ಎರಡು ವಾರದಿಂದ ಸೀಸದ ಸಣ್ಣ ಗುಂಡುಗಳು, ಅಂದರೆ ಪೆಲೆಟ್‌ಗಳೆಲ್ಲ ಎಡಕ್ಕೇ ಬೀಳುತ್ತಿವೆ ಎಂದಳು. ಅಪ್ಪ ದಿನಾ ಸಂಜೆ ಸೈಟನ್ನು ಎಡಬಲಕ್ಕೆ ಸರಿಸುವ ಪಕ್ಕದ ನಾಬ್ ತಿರುಗಿಸಿ ತಿರುಗಿಸಿ ಸುಸ್ತಾಗಿದ್ದರು. ನಾನು ನಾಬ್ ಹಿಡಿದು ನೋಡಿದೆ. ಅದು ಮುಂದಕ್ಕೆ ತಿರುಗಲೇ ಇಲ್ಲ, ಕೊನೆ ಮುಟ್ಟಿತ್ತು. ಪೆಲೆಟ್ ಮಾತ್ರ ಇನ್ನೂ ಎಡಕ್ಕೇ.

ಅವಳಿಗೆ ಅಳು ಬರುವುದೊಂದೇ ಬಾಕಿ. "ನನ್ನ ಕಣ್ಣೇ ಸರಿ ಇಲ್ವಾ?" ಎಂದು ಕೇಳಿದಳು. ಕಣ್ಣು ಚೆನ್ನಾಗಿಯೇ ಇತ್ತು. ತಪ್ಪು ಎಲ್ಲಿತ್ತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಯಾಕೆಂದರೆ ಅದನ್ನು ಹುಡುಕಿದ ದಾರಿಯೇ ನಿಮಗೆ ಬೇಕಾದದ್ದು. ಕಲಿಯುವವರು ಪೆಲೆಟ್ ಆಚೀಚೆ ಬಿದ್ದ ತಕ್ಷಣ ನಾಬ್‌ಗೆ ಕೈ ಹಾಕುತ್ತಾರೆ. ನನ್ನ ಅನುಭವದಲ್ಲಿ ನಾಬ್ ತಿರುಗಿಸುವುದು ಕಟ್ಟಕಡೆಯ ಕೆಲಸ. ಅದಕ್ಕೆ ಮುಂಚೆ ನೋಡಬೇಕಾದದ್ದು ಬೇಕಾದಷ್ಟಿದೆ.

ಇಲ್ಲಿ ಹೇಳುವುದೆಲ್ಲ 10 ಮೀಟರ್ ಏರ್ ರೈಫಲ್ ಬಗ್ಗೆ. 4.5 ಮಿ.ಮೀ. ಪೆಲೆಟ್, ಅಂದರೆ ಅಂಗಡಿಯವರು 0.177 (ಇಂಚು) ಅನ್ನುವ ಅಳತೆ. ಓಪನ್ ಸೈಟ್ (ಹಿಂದೆ ಕಚ್ಚು, ಮುಂದೆ ಕಂಬ) ಇರಲಿ, ಪೀಪ್ ಸೈಟ್ ಇರಲಿ, ಹುಡುಕುವ ಕ್ರಮ ಒಂದೇ.

ಒಂದು ಮಾತು ಮೊದಲೇ. ಸೈಟ್ ಮುಟ್ಟುವ ಮುಂಚೆ ರೈಫಲ್ ಖಾಲಿ ಇದೆಯೇ ಎಂದು ನೀವೇ ಕಣ್ಣಾರೆ ನೋಡಿ. ಬೇರೆಯವರು "ಖಾಲಿ ಇದೆ" ಅಂದದ್ದನ್ನು ನಂಬಬೇಡಿ. ಬ್ಯಾರಲ್ ಬಾಯಿ ಯಾವಾಗಲೂ ಟಾರ್ಗೆಟ್ ಕಡೆಗೇ ಇರಲಿ. ಆಲನ್ ಕೀ ಹಿಡಿದು ಸ್ಕ್ರೂ ಬಿಗಿ ಮಾಡುವಾಗಲೇ ಜನ ರೈಫಲನ್ನು ಪಕ್ಕದವರ ಕಡೆ ತಿರುಗಿಸಿಬಿಡುತ್ತಾರೆ. ಟಾರ್ಗೆಟ್ ಹಿಂದೆ ಪೆಲೆಟ್ ತಡೆಯುವ ಗಟ್ಟಿ ವ್ಯವಸ್ಥೆ ಬೇಕು, ಕಣ್ಣಿಗೆ ಕನ್ನಡಕ ಬೇಕು. ಸೀಸದ ಪೆಲೆಟ್ ಗಟ್ಟಿ ಜಾಗಕ್ಕೆ ಬಡಿದರೆ ಚೂರು ವಾಪಸ್ ಸಿಡಿಯುತ್ತದೆ.

ಮೊದಲು ಗ್ರೂಪ್ ನೋಡಿ

ಒಂದು ಪೆಲೆಟ್ ಏನನ್ನೂ ಹೇಳುವುದಿಲ್ಲ. ಎರಡು ಕೂಡ ಹೇಳುವುದಿಲ್ಲ. ಐದು ಹೊಡೆಯಿರಿ. ಆ ಐದು ತೂತುಗಳ ಗುಂಪೇ ಗ್ರೂಪ್. ಐದೂ ಒಂದೇ ಜಾಗಕ್ಕೆ ಗುರಿ ಇಟ್ಟು, ಒಂದೇ ರೀತಿ ಹಿಡಿದು ಹೊಡೆಯಿರಿ. ನಡುವೆ ಸೈಟ್ ಮುಟ್ಟಬೇಡಿ. ಮೊದಲನೆಯದು 5 ಅಂಕದ ರಿಂಗಿಗೆ ಬಿದ್ದರೂ ಎರಡನೆಯದಕ್ಕೂ ಗುರಿ ಅದೇ ಇರಲಿ. ಪೆಲೆಟ್ ಬಿದ್ದ ಕಡೆಗೆ ಗುರಿ ಬದಲಿಸುತ್ತಾ ಹೋದರೆ ಏನೂ ತಿಳಿಯುವುದಿಲ್ಲ.

ನಿಂತು ಹೊಡೆಯಬೇಡಿ. ಕುಳಿತು, ಮೇಜಿನ ಮೇಲೆ ಮೊಣಕೈ ಊರಿ, ಮುಂದಿನ ಕೈಯ ಕೆಳಗೆ ಮಡಚಿದ ಟವೆಲ್ ಇಟ್ಟುಕೊಂಡು ಹೊಡೆಯಿರಿ. ಹೊಸಬರ ಕೈ ನಡುಕ ಗ್ರೂಪ್‌ನಲ್ಲಿ ಸೇರಿಕೊಂಡರೆ ಸೈಟ್‌ನ ತಪ್ಪು ಯಾವುದು, ಕೈಯ ತಪ್ಪು ಯಾವುದು ಎಂದು ಬಿಡಿಸಲು ಆಗುವುದಿಲ್ಲ.

ಆಮೇಲೆ ಕಾಗದ ತೆಗೆದು ನೋಡಿ. ಐದೂ ತೂತುಗಳು ಒಂದು ರೂಪಾಯಿ ನಾಣ್ಯದ ಅಡಿಯಲ್ಲಿ ಮುಚ್ಚಿಹೋದರೆ ಕಲಿಯುವವರಿಗೆ ಅದು ಒಳ್ಳೆಯ ಗ್ರೂಪ್. ಅದು ನಡುಮಧ್ಯೆ ಇಲ್ಲದೆ ಪಕ್ಕಕ್ಕೆ ಇದ್ದರೆ ಮಾತ್ರ ಸೈಟ್ ಸರಿಸುವ ವಿಷಯ. ಐದೂ ಐದು ಕಡೆ ಚದುರಿದ್ದರೆ ನಾಬ್ ಮುಟ್ಟಬೇಡಿ, ಚದುರಿದ ಗ್ರೂಪನ್ನು ಯಾವ ನಾಬ್ ಕೂಡ ಒಟ್ಟುಗೂಡಿಸುವುದಿಲ್ಲ. ತೂತುಗಳು ಎರಡು ಗುಂಪಾಗಿ, ಮೂರು ಇಲ್ಲಿ ಎರಡು ಅಲ್ಲಿ ಬಿದ್ದಿದ್ದರೆ ಏನೋ ಒಂದು ಅಲುಗುತ್ತಿದೆ ಎಂದು ಅರ್ಥ. ಅದು ಸೈಟ್ ಇರಬಹುದು, ಸ್ಟಾಕ್ (ಭುಜಕ್ಕೆ, ಕೆನ್ನೆಗೆ ಒರಗಿಸುವ ಭಾಗ) ಇರಬಹುದು, ನಿಮ್ಮ ಕೆನ್ನೆ ಕೂಡ ಇರಬಹುದು. ಕೆನ್ನೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಕೂತರೆ ಇದೇ ಚಿತ್ರ ಬರುತ್ತದೆ.

ಪೆಲೆಟ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಚಪ್ಪಟೆ ಮೂತಿಯ ಪೆಲೆಟ್ ಬಳಸಿ. ಅದು ಕಾಗದದಲ್ಲಿ ಕತ್ತರಿಸಿದ ಹಾಗೆ ದುಂಡಗಿನ ತೂತು ಮಾಡುತ್ತದೆ. ಗುಂಡು ಮೂತಿಯದು ಕಾಗದ ಹರಿಯುತ್ತದೆ, ತೂತಿನ ನಡು ಎಲ್ಲಿ ಎಂದೇ ಕಾಣುವುದಿಲ್ಲ. ಪರೀಕ್ಷೆ ಮುಗಿಯುವ ತನಕ ಒಂದೇ ಡಬ್ಬಿಯ ಪೆಲೆಟ್ ಇರಲಿ. 4.49, 4.50, 4.51 ಎಂದು ತಲೆಯ ಅಳತೆ ಬೇರೆ ಬೇರೆ ಇರುವ ಡಬ್ಬಿಗಳು ಸಿಗುತ್ತವೆ. ಕೆಲವು ಬ್ಯಾರಲ್‌ಗೆ ಒಂದು ಅಳತೆ ಹಿಡಿಸುತ್ತದೆ, ಇನ್ನೊಂದು ಹಿಡಿಸುವುದಿಲ್ಲ. ಡಬ್ಬಿ ಬದಲಾದರೆ ಗ್ರೂಪ್ ಜಾಗ ಬದಲಾಗುವುದು ಸಹಜ.

ಒಂದು ಹಾಳೆಯ ದಪ್ಪ

ಸೈಟ್ ಎಷ್ಟು ನಾಜೂಕು ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೆ ನಾನು ಒಂದು ಲೆಕ್ಕ ತೋರಿಸುತ್ತೇನೆ.

10 ಮೀಟರ್ ರೈಫಲ್ ಟಾರ್ಗೆಟ್‌ನಲ್ಲಿ ಒಂದು ರಿಂಗಿನಿಂದ ಇನ್ನೊಂದಕ್ಕೆ 2.5 ಮಿ.ಮೀ. ದೂರ. ನಡುವಿನ 10 ಬರೀ ಅರ್ಧ ಮಿ.ಮೀ. ಅಗಲದ ಚುಕ್ಕೆ. ಓಪನ್ ಸೈಟ್ ರೈಫಲ್‌ನಲ್ಲಿ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ 40 ಸೆಂ.ಮೀ. ಅಂತರ ಇದೆ ಎಂದುಕೊಳ್ಳಿ. ಟಾರ್ಗೆಟ್ 10 ಮೀಟರ್ ದೂರ, ಅಂದರೆ ಆ ಅಂತರದ 25 ಪಟ್ಟು. ಹಾಗಾಗಿ ಹಿಂದಿನ ಸೈಟ್ 0.1 ಮಿ.ಮೀ. ಸರಿದರೆ ಟಾರ್ಗೆಟ್ ಮೇಲೆ ಪೆಲೆಟ್ 2.5 ಮಿ.ಮೀ. ಸರಿಯುತ್ತದೆ. ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ ಹೆಚ್ಚುಕಡಿಮೆ ಅಷ್ಟೇ, 0.1 ಮಿ.ಮೀ. ಒಂದು ಹಾಳೆಯಷ್ಟು ಸೈಟ್ ಅಲುಗಿದರೆ ಒಂದು ರಿಂಗ್ ಹೋಯಿತು. ಪೀಪ್ ಸೈಟ್ ರೈಫಲ್‌ನಲ್ಲಿ ಸೈಟ್‌ಗಳ ನಡುವೆ 80 ಸೆಂ.ಮೀ. ಇದ್ದರೆ ಅದೇ ಅಲುಗಾಟಕ್ಕೆ ಅರ್ಧ ರಿಂಗ್ ಹೋಗುತ್ತದೆ.

ಈಗ ಸೈಟ್ ಹಿಡಿದು ಅಲ್ಲಾಡಿಸಿ ನೋಡಿ. ಜೋರಾಗಿ ಅಲ್ಲ, ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಹಿಡಿದು ಪಕ್ಕಕ್ಕೆ ಮೆಲ್ಲಗೆ ಒತ್ತಿ. "ಟಿಕ್" ಎಂದು ಸಣ್ಣ ಶಬ್ದ ಬಂದರೂ ಸಾಕು, ತಪ್ಪು ಸಿಕ್ಕಿತು. ಹಿಂದಿನ ಸೈಟ್ ಮುಗಿದ ಮೇಲೆ ಮುಂದಿನದನ್ನೂ ಹೀಗೇ ನೋಡಿ. ಮುಂದಿನ ಸೈಟನ್ನು ಎಲ್ಲರೂ ಮರೆಯುತ್ತಾರೆ. ರೈಫಲನ್ನು ಚೀಲಕ್ಕೆ ಹಾಕುವಾಗ, ಗೋಡೆಗೆ ಒರಗಿಸುವಾಗ ಮೊದಲು ಏಟು ಬೀಳುವುದು ಅದಕ್ಕೇ. ಪೀಪ್ ಸೈಟ್ ಇದ್ದರೆ ಮುಂದಿನ ಸೈಟಿನ ಕೊಳವೆಯೊಳಗಿನ (ಇದಕ್ಕೆ ಸುರಂಗ ಎನ್ನುತ್ತೇನೆ), ನಡುವೆ ತೂತಿರುವ ರಿಂಗ್ ಬಿಲ್ಲೆಯೂ ಗಟ್ಟಿಯಾಗಿ ಕೂತಿರಬೇಕು. ಅದನ್ನು ಬಿಗಿ ಮಾಡುವ ತಿರುಪು ಸಡಿಲವಾದರೆ ಬಿಲ್ಲೆ ಒಳಗೇ ಗಲಗಲ ಅಲುಗುತ್ತದೆ.

ಆಮೇಲೆ ಸ್ಟಾಕ್ ಸ್ಕ್ರೂಗಳು. ಮರದ ಸ್ಟಾಕ್ ಇದ್ದರೆ ಮಳೆಗಾಲಕ್ಕೂ ಬೇಸಿಗೆಗೂ ಮರ ಹಿಗ್ಗಿ ಕುಗ್ಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಪ್ರತಿ ಹೊಡೆತಕ್ಕೂ ಜಗ್ಗಾಟ ಇರುವುದರಿಂದ ಇನ್ನೂ ಬೇಗ ಸಡಿಲ. ಬ್ಯಾರಲ್ ಮಡಚಿ ಲೋಡ್ ಮಾಡುವ ರೈಫಲ್ ಆದರೆ, ಮುಚ್ಚಿದ ಮೇಲೆ ಬ್ಯಾರಲ್ ಪಕ್ಕಕ್ಕೆ ಅಲುಗುತ್ತದೆಯೇ ನೋಡಿ. ಅಲ್ಲಿ ಆಟ ಇದ್ದರೆ ಅದು ಮನೆಯಲ್ಲಿ ಮಾಡುವ ರಿಪೇರಿ ಅಲ್ಲ, ಗೊತ್ತಿರುವ ಮೆಕ್ಯಾನಿಕ್ ಕೈಗೆ ಕೊಡಿ.

ಬಿಗಿ ಮಾಡುವಾಗ ಶಕ್ತಿ ತೋರಿಸಬೇಡಿ. ಸೈಟ್ ಕೂರುವ ಡವ್‌ಟೇಲ್ ಹಳಿಯ ಅಂಚು ಒಮ್ಮೆ ಜಜ್ಜಿದರೆ ಮುಗಿಯಿತು, ಆಮೇಲೆ ಯಾವ ಸೈಟೂ ಅಲ್ಲಿ ನೆಟ್ಟಗೆ ಕೂರುವುದಿಲ್ಲ. ಎರಡು ಸ್ಕ್ರೂ ಇದ್ದರೆ ಒಂದನ್ನು ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋಗಬೇಡಿ. ಇದನ್ನು ಸ್ವಲ್ಪ, ಅದನ್ನು ಸ್ವಲ್ಪ, ಹೀಗೆ. ಕಾರಿನ ಚಕ್ರದ ನಟ್ ಬಿಗಿ ಮಾಡುವವರಿಗೆ ಇದು ಗೊತ್ತಿರುತ್ತದೆ. ಕೊನೆಗೆ ಸ್ಕ್ರೂ ತಲೆಯಿಂದ ಸೈಟ್ ಮೈಗೆ ಸೇರುವಂತೆ ನೈಲ್ ಪಾಲಿಶ್‌ನಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಮುಂದೆ ಯಾವತ್ತಾದರೂ ಗೆರೆ ತುಂಡಾಗಿ ಕಂಡರೆ ಸ್ಕ್ರೂ ತಿರುಗಿದೆ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಯಾವ ಕಡೆ ತಿರುಗಿಸಬೇಕು?

ಎಲ್ಲ ಬಿಗಿಯಾಗಿದೆ. ಗ್ರೂಪ್ ನಾಣ್ಯದಡಿ ಬರುತ್ತಿದೆ. ಆದರೆ ನಡುವಿನಿಂದ ದೂರ ಇದೆ. ಈಗ ನಾಬ್‌ಗೆ ಕೈ ಹಾಕಬಹುದು.

ನೆನಪಿಡಲು ಸುಲಭದ ಮಾತು ಇದು: ಹಿಂದಿನ ಸೈಟ್ ಜೊತೆಗೆ, ಮುಂದಿನ ಸೈಟ್ ಎದುರಿಗೆ. ಪೆಲೆಟ್ ಬಲಕ್ಕೆ ಹೋಗಬೇಕಾದರೆ ಹಿಂದಿನ ಸೈಟ್ ಬಲಕ್ಕೆ ಸರಿಯಬೇಕು. ಪೆಲೆಟ್ ಮೇಲೆ ಹೋಗಬೇಕಾದರೆ ಹಿಂದಿನ ಸೈಟ್ ಮೇಲೇಳಬೇಕು. ಮುಂದಿನ ಸೈಟ್ ಸರಿಸುವ ರೈಫಲ್ ಆದರೆ ಎಲ್ಲ ಉಲ್ಟಾ.

ಗೊಂದಲ ಆಗುವುದು ನಾಬ್ ಮೇಲಿನ ಅಕ್ಷರಗಳಿಂದ. ಜರ್ಮನ್ ಸೈಟ್‌ಗಳಲ್ಲಿ ಎಚ್, ಟಿ, ಆರ್, ಎಲ್ ಎಂದು ಬರೆದಿರುತ್ತದೆ. ಎಚ್ ಎಂದರೆ ಅವರ ಭಾಷೆಯಲ್ಲಿ ಮೇಲೆ, ಟಿ ಎಂದರೆ ಕೆಳಗೆ. ಆರ್ ಮತ್ತು ಎಲ್ ನಮಗೆ ಗೊತ್ತಿರುವ ಬಲ, ಎಡವೇ. ಇಷ್ಟು ತಿಳಿದರೂ ಸಾಲದು. ಇಂಥ ಅನೇಕ ಸೈಟ್‌ಗಳಲ್ಲಿ ಎಚ್ ಎಂದರೆ "ಪೆಲೆಟ್ ಮೇಲೆ ಬೀಳುತ್ತಿದ್ದರೆ ಈ ಕಡೆ ತಿರುಗಿಸು" ಎಂದು. ಪೆಲೆಟನ್ನು ಮೇಲೆ ಕಳಿಸಲು ತಿರುಗಿಸುವ ದಿಕ್ಕು ಅದಲ್ಲ. ಬೇರೆ ಕೆಲವು ಸೈಟ್‌ಗಳಲ್ಲಿ ಬಾಣದ ಗುರುತಿನ ಪಕ್ಕ "ಅಪ್" ಎಂದು ಇದ್ದರೆ, ಆ ಕಡೆ ತಿರುಗಿಸಿದಾಗ ಪೆಲೆಟ್ ನಿಜವಾಗಿ ಮೇಲೆ ಹೋಗುತ್ತದೆ. ಒಂದು ಈಗಿನ ತಪ್ಪನ್ನು ಹೇಳುತ್ತದೆ, ಇನ್ನೊಂದು ನಿಮಗೆ ಬೇಕಾದದ್ದನ್ನು ಹೇಳುತ್ತದೆ. ಒಂದು ರೈಫಲ್ ಮೇಲೆ ಕಲಿತು ಇನ್ನೊಂದಕ್ಕೆ ಹೋದವರು ಇಲ್ಲೇ ಎಡವುತ್ತಾರೆ.

ಅಕ್ಷರ ನಂಬಬೇಡಿ, ಕಾಗದ ನಂಬಿ. ಐದು ಪೆಲೆಟ್ ಹೊಡೆದು ಗ್ರೂಪಿನ ನಡುವೆ ಪೆನ್ಸಿಲ್ ಚುಕ್ಕೆ ಇಡಿ. ಪಕ್ಕದ ನಾಬನ್ನು ಒಂದು ಕಡೆಗೆ ಸರಿಯಾಗಿ 10 ಕ್ಲಿಕ್ ತಿರುಗಿಸಿ. ಕಿವಿಯಲ್ಲಿ ಕೇಳಿ, ಬೆರಳಲ್ಲಿ ಎಣಿಸಿ. ಗುರಿ ಬದಲಿಸದೆ ಮತ್ತೆ ಐದು ಹೊಡೆಯಿರಿ. ಹೊಸ ಗ್ರೂಪಿಗೂ ಚುಕ್ಕೆ ಇಡಿ. ಎರಡು ಚುಕ್ಕೆಗಳ ನಡುವೆ ಸ್ಕೇಲ್ ಇಟ್ಟು ಅಳೆಯಿರಿ. 4 ಮಿ.ಮೀ. ಬಂತು ಅನ್ನಿ. ಹಾಗಾದರೆ ನಿಮ್ಮ ಸೈಟ್‌ನ ಒಂದು ಕ್ಲಿಕ್ ಎಂದರೆ 0.4 ಮಿ.ಮೀ. ದಿಕ್ಕೂ ಗೊತ್ತಾಯಿತು, ಅಳತೆಯೂ ಗೊತ್ತಾಯಿತು. ಮೇಲೆ ಕೆಳಗಿನ ನಾಬ್‌ಗೂ ಇದನ್ನೇ ಮಾಡಿ. ಎರಡಕ್ಕೂ ಒಂದೇ ಅಳತೆ ಇರಬೇಕೆಂದಿಲ್ಲ. ಇದಕ್ಕೆ ಖರ್ಚಾಗುವುದು 20 ಪೆಲೆಟ್, ಅರ್ಧ ಗಂಟೆ. ಆಮೇಲೆ ವರ್ಷಗಟ್ಟಲೆ ಊಹೆ ಮಾಡುವ ಕೆಲಸ ಇರುವುದಿಲ್ಲ. ಗ್ರೂಪ್ 12 ಮಿ.ಮೀ. ಎಡಕ್ಕಿದೆಯೇ? 12ನ್ನು 0.4ರಿಂದ ಭಾಗಿಸಿ. 30 ಕ್ಲಿಕ್.

ಆದರೆ ಒಂದೇ ಸಲ 30 ತಿರುಗಿಸಬೇಡಿ. ಮೊದಲು 15, ಐದು ಪೆಲೆಟ್, ನೋಡಿ, ಆಮೇಲೆ ಉಳಿದದ್ದು. ಕಲಿಯುವವರ ಗ್ರೂಪ್ ಇನ್ನೂ ದೊಡ್ಡದಿರುತ್ತದೆ, ಅದರ ನಡು ಎಲ್ಲಿ ಎಂಬ ಅಂದಾಜೇ ಎರಡು ಮೂರು ಮಿ.ಮೀ. ತಪ್ಪಿರಬಹುದು.

ಇನ್ನೊಂದು ತೊಂದರೆ ಕಡಿಮೆ ಬೆಲೆಯ ಸೈಟ್‌ಗಳಲ್ಲಿ ಜಾಸ್ತಿ. ಬಲಕ್ಕೆ 5 ಕ್ಲಿಕ್ ತಿರುಗಿಸುತ್ತೀರಿ, ಗ್ರೂಪ್ ಅಲುಗುವುದೇ ಇಲ್ಲ. ಇನ್ನೂ 2 ತಿರುಗಿಸುತ್ತೀರಿ, ಒಮ್ಮೆಲೇ ಜಿಗಿಯುತ್ತದೆ. ತಿರುಪಿನ ಹಲ್ಲುಗಳ ನಡುವೆ ಸಡಿಲ ಇದ್ದರೆ ಹೀಗಾಗುತ್ತದೆ. ಇದಕ್ಕೆ ಉಪಾಯ ಇದೆ. ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲಿಸಿ. ಎಡಕ್ಕೆ ಹೋಗಬೇಕಾದರೆ ಬೇಕಾದ್ದಕ್ಕಿಂತ ಹತ್ತು ಕ್ಲಿಕ್ ಜಾಸ್ತಿ ಹೋಗಿ, ಹತ್ತು ವಾಪಸ್ ಬನ್ನಿ. ಆಗ ಸಡಿಲ ಯಾವಾಗಲೂ ಒಂದೇ ಕಡೆಗೆ ಒತ್ತಿಕೊಂಡಿರುತ್ತದೆ. ಒಂದೆರಡು ಪೆಲೆಟ್ ಸುಮ್ನೆ ಹೊಡೆದು ಸೈಟ್ ಕೂರಲು ಬಿಟ್ಟು, ಆಮೇಲೆ ಲೆಕ್ಕದ ಐದು ಹೊಡೆಯಿರಿ.

ಈ ಲೆಕ್ಕ ಗೊತ್ತಿರುವುದರ ಬೆಲೆ ಎಷ್ಟು ಎಂದು ಮಕ್ಕಳಿಗೆ ಹೇಳುವಾಗ ನಾನು ಅಭಿನವ್ ಬಿಂದ್ರಾ ಅವರ ಮಾತು ತೆಗೆಯುತ್ತೇನೆ. 2008ರ ಬೀಜಿಂಗ್ ಒಲಿಂಪಿಕ್ಸ್, 10 ಮೀಟರ್ ಏರ್ ರೈಫಲ್ ಫೈನಲ್. ಪಂದ್ಯ ಶುರುವಾಗುವ ಮುಂಚಿನ ಅಭ್ಯಾಸದ ಹೊಡೆತ 4ಕ್ಕೆ ಬಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. 10ರ ಮೇಲೆ 10 ಹೊಡೆಯುವವರಿಗೆ 4! ಕೈಯಲ್ಲಿದ್ದದ್ದು ಕೆಲವೇ ನಿಮಿಷ. ಅಷ್ಟರಲ್ಲಿ ಸೈಟ್ ಸರಿಪಡಿಸಿಕೊಂಡು, ಕೊನೆಯ ಹೊಡೆತ 10.8 ಹೊಡೆದು, 700.5 ಅಂಕದೊಂದಿಗೆ ಚಿನ್ನ ಗೆದ್ದರು. ತನ್ನ ಸೈಟ್‌ನ ಒಂದೊಂದು ಕ್ಲಿಕ್ಕೂ ಗೊತ್ತಿಲ್ಲದವರಿಗೆ ಆ ಹೊತ್ತಿನಲ್ಲಿ ಅದು ಆಗುವ ಕೆಲಸವೇ ಅಲ್ಲ.

ಓಪನ್ ಸೈಟ್: ಗುರಿ ಎಲ್ಲಿ ಇಡುತ್ತೀರಿ?

ಓಪನ್ ಸೈಟ್‌ನಲ್ಲಿ ಹಿಂದೆ ಒಂದು ಕಚ್ಚು, ಮುಂದೆ ಒಂದು ಕಂಬ. ಕಂಬದ ತಲೆ ಕಚ್ಚಿನ ಅಂಚಿಗೆ ಸಮ ಇರಬೇಕು, ಎರಡೂ ಪಕ್ಕ ಒಂದೇ ಅಳತೆಯ ಬೆಳಕಿನ ಗೆರೆ ಕಾಣಬೇಕು. ಕಂಬದ ಅಂಚು ಚೂಪಾಗಿ ಕಾಣಲಿ, ಟಾರ್ಗೆಟ್ ಸ್ವಲ್ಪ ಮಸುಕಾಗಿ ಕಂಡರೂ ಪರವಾಗಿಲ್ಲ. ಟಾರ್ಗೆಟನ್ನೇ ದಿಟ್ಟಿಸಿದರೆ ಕಂಬ ಎತ್ತ ಜಾರಿತು ಎಂದು ಗೊತ್ತೇ ಆಗುವುದಿಲ್ಲ. ಇದು ಎಲ್ಲರೂ ಹೇಳಿಕೊಡುವ ಪಾಠ.

ಹೇಳಿಕೊಡದೆ ಬಿಟ್ಟುಹೋಗುವುದು ಒಂದಿದೆ. ಟಾರ್ಗೆಟ್‌ನ ಕಪ್ಪು ವೃತ್ತದ ಅಗಲ 30.5 ಮಿ.ಮೀ. ಕೆಲವರು ಕಂಬದ ತುದಿಯನ್ನು ಆ ಕಪ್ಪಿನ ನಟ್ಟನಡುವೆ ಇಡುತ್ತಾರೆ. ಕೆಲವರು ಕಪ್ಪಿನ ಬುಡದಲ್ಲಿ, ಗಡಿಯಾರದ ಆರು ಗಂಟೆಯ ಜಾಗದಲ್ಲಿ ಇಡುತ್ತಾರೆ. ಎರಡರ ನಡುವೆ ವ್ಯತ್ಯಾಸ 15 ಮಿ.ಮೀ., ಅಂದರೆ ಆರು ರಿಂಗ್. ಒಂದೇ ರೈಫಲನ್ನು ಇಬ್ಬರು ಬಳಸಿದಾಗ ಈ ಜಗಳ ತಪ್ಪಿದ್ದಲ್ಲ. ಬೆಳಗಿನ ಬ್ಯಾಚಿನವನು ಆರು ಗಂಟೆಯ ಜಾಗಕ್ಕೆ ಗುರಿ ಇಟ್ಟು ಸೈಟ್ ಕೂರಿಸಿ ಹೋಗಿರುತ್ತಾನೆ. ಸಂಜೆ ಬಂದವಳು ನಡುವಿಗೆ ಗುರಿ ಇಡುತ್ತಾಳೆ. ಅವಳ ಪೆಲೆಟ್‌ಗಳು 4ರ ಆಸುಪಾಸು ಮೇಲೆ ಬೀಳುತ್ತವೆ. ಅವಳು ಸೈಟ್ ಇಳಿಸುತ್ತಾಳೆ. ಮಾರನೇ ಬೆಳಿಗ್ಗೆ ಅವನ ಪೆಲೆಟ್ ಕೆಳಗೆ. ಇಬ್ಬರೂ ಸೈಟ್ ತಾನಾಗಿಯೇ ಜಾರುತ್ತಿದೆ ಎಂದು ನಂಬಿಕೊಂಡಿರುತ್ತಾರೆ!

ಕೊಡಗಿನ ಕಡೆಯ ಹುಡುಗರು ಬಂದಾಗ ನಾನು ಇದನ್ನು ಮೊದಲೇ ಕೇಳುತ್ತೇನೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರಲ್ಲಿ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ. ಕಾಯಿಗೆ ಹೊಡೆಯುವಾಗ ಯಾರೂ ಕಾಯಿಯ ಬುಡಕ್ಕೆ ಗುರಿ ಇಡುವುದಿಲ್ಲ ಅಲ್ವಾ? ಕಣ್ಣು ತಾನಾಗಿ ನಡುವಿಗೆ ಹೋಗುತ್ತದೆ. ಆ ಅಭ್ಯಾಸ ತಪ್ಪೇನೂ ಅಲ್ಲ. ಆದರೆ ಕಪ್ಪು ಕಂಬವನ್ನು ಕಪ್ಪು ವೃತ್ತದ ನಡುವೆ ಇಟ್ಟರೆ ಕಂಬದ ತುದಿ ಕಾಣದೆ ಕರಗಿಹೋಗುತ್ತದೆ. ಕಾಗದದ ಟಾರ್ಗೆಟ್‌ಗೆ ಆರು ಗಂಟೆಯೇ ಅನುಕೂಲ. ಕಂಬಕ್ಕೂ ಕಪ್ಪಿಗೂ ನಡುವೆ ಕೂದಲೆಳೆಯಷ್ಟು ಬಿಳಿ ಬಿಡಿ. ಅಂಟಿಸಲು ಹೋದರೆ ಎಲ್ಲಿ ಅಂಟಿತು, ಎಲ್ಲಿ ಒಳಗೆ ಹೋಯಿತು ಎಂದು ಪ್ರತಿ ಸಲ ಬೇರೆಯಾಗುತ್ತದೆ.

ಪೀಪ್ ಸೈಟ್: ರಿಂಗ್ ಚಿಕ್ಕದಾದರೆ ತೊಂದರೆ

ಪೀಪ್ ಸೈಟ್‌ನಲ್ಲಿ ದೊಡ್ಡ ತಪ್ಪು ಮುಂದಿನ ರಿಂಗಿನ ಅಳತೆ. ಚಿಕ್ಕ ರಿಂಗ್ ಹಾಕಿದರೆ ಗುರಿ ಇನ್ನೂ ಕರಾರುವಾಕ್ಕಾಗುತ್ತದೆ ಎಂದು ಅನ್ನಿಸುತ್ತದೆ. ಆಗುವುದು ಉಲ್ಟಾ. ಲೆಕ್ಕ ನೋಡಿ. 30.5 ಮಿ.ಮೀ. ಕಪ್ಪು 10 ಮೀಟರ್ ದೂರದಲ್ಲಿದೆ. ಮುಂದಿನ ರಿಂಗ್ ಕಣ್ಣಿನಿಂದ ಸುಮಾರು 1 ಮೀಟರ್ ದೂರ. ಆ ಜಾಗದಲ್ಲಿ ಕಪ್ಪು ವೃತ್ತ 3 ಮಿ.ಮೀ. ಅಗಲವಾಗಿ ಕಾಣುತ್ತದೆ. 3.2 ಮಿ.ಮೀ. ರಿಂಗ್ ಹಾಕಿದರೆ ಸುತ್ತ ಉಳಿಯುವ ಬಿಳಿ ಎಳೆ ತೀರಾ ಸಣ್ಣದು. ಕೈ ಸ್ವಲ್ಪ ಅಲುಗಿದರೂ ಕಪ್ಪು ರಿಂಗಿಗೆ ತಾಗುತ್ತದೆ, ಮನಸ್ಸು ಗಾಬರಿಯಾಗುತ್ತದೆ, ಬೆರಳು ಟ್ರಿಗರನ್ನು ಕಿತ್ತುಬಿಡುತ್ತದೆ. ಕಲಿಯುವವರಿಗೆ 4 ಮಿ.ಮೀ. ಇಲ್ಲವೇ ಅದಕ್ಕಿಂತ ಸ್ವಲ್ಪ ದೊಡ್ಡದೇ ಒಳ್ಳೆಯದು. ಸುತ್ತಲೂ ಧಾರಾಳವಾಗಿ ಬಿಳಿ ಇದ್ದರೆ ಕಪ್ಪು ನಡುವೆ ಇದೆಯೋ ಇಲ್ಲವೋ ಎಂದು ಕಣ್ಣು ಸುಲಭವಾಗಿ ಹೇಳುತ್ತದೆ.

ಹಿಂದಿನ ತೂತಿನೊಳಗೆ ನೋಡಿದಾಗ ಒಂದು ಬದಿಗೆ ಕಪ್ಪು ನೆರಳು ಕಂಡರೆ ತಲೆ ಸರಿಯಾಗಿ ಕೂತಿಲ್ಲ. ನಾಬ್ ತಿರುಗಿಸಬೇಡಿ. ಕಣ್ಣು ಮುಚ್ಚಿ ರೈಫಲ್ ಎತ್ತಿ, ಕೆನ್ನೆಯನ್ನು ಆರಾಮಾಗಿ ಇಡಿ, ಕಣ್ಣು ಬಿಡಿ. ಮುಂದಿನ ಸುರಂಗ ತೂತಿನ ನಡುವೆ ಕಾಣಬೇಕು. ಕಾಣದಿದ್ದರೆ ಕೆನ್ನೆಪಟ್ಟಿಯನ್ನು ಎತ್ತರಿಸಿ ಇಲ್ಲವೇ ತಗ್ಗಿಸಿ. ಸರಿಸಲು ಬಾರದ ಸ್ಟಾಕ್ ಆದರೆ ಸೈಕಲ್ ಟ್ಯೂಬಿನ ತುಂಡು ಕಟ್ಟಿ ಎತ್ತರಿಸಿದವರನ್ನು ನೋಡಿದ್ದೇನೆ, ಅಭ್ಯಾಸಕ್ಕೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಸೈಟ್ ಮೇಲೆ ಸುಮ್ಮನೆ ಬೀಳುವ ಆರೋಪಗಳು

ಕೂತು ಹೊಡೆದಾಗ ಗ್ರೂಪ್ ನಡುವಿಗೆ ಬರುತ್ತದೆ, ನಿಂತಾಗ ಎಡಕ್ಕೆ ಹೋಗುತ್ತದೆ. ಇದಕ್ಕೆ ಹೆಚ್ಚಿನ ಸಲ ಕಾರಣ ಕಾಲು. ದೇಹ ಸಹಜವಾಗಿ ಎಡಕ್ಕೆ ತಿರುಗಿ ನಿಂತಿರುತ್ತದೆ, ನೀವು ತೋಳಿನ ಬಲದಿಂದ ರೈಫಲನ್ನು ಬಲಕ್ಕೆ ಎಳೆದು ಗುರಿ ಇಡುತ್ತೀರಿ, ಟ್ರಿಗರ್ ಒತ್ತುವ ಗಳಿಗೆಯಲ್ಲಿ ತೋಳು ಬಿಟ್ಟುಕೊಡುತ್ತದೆ. ಗುರಿ ಇಟ್ಟು, ಕಣ್ಣು ಮುಚ್ಚಿ ಎರಡು ಉಸಿರು ತೆಗೆದು ಬಿಡಿ, ಕಣ್ಣು ತೆರೆಯಿರಿ. ಸೈಟ್ ಟಾರ್ಗೆಟ್‌ನ ಎಡಕ್ಕೆ ಹೋಗಿದ್ದರೆ ಹಿಂದಿನ ಪಾದವನ್ನು ಒಂದಿಷ್ಟು ಸರಿಸಿ ಮತ್ತೆ ನೋಡಿ.

ರೈಫಲ್ ವಾಲುವುದು ಇನ್ನೊಂದು. ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋದರೂ 10 ಮೀಟರ್ ತಲುಪುವಷ್ಟರಲ್ಲಿ ಸುಮಾರು 17 ಮಿ.ಮೀ. ಕೆಳಗೆ ಬೀಳುತ್ತದೆ. ಸೈಟ್ ಆ ಬೀಳುವಿಕೆಯನ್ನು ಮೇಲಕ್ಕೆತ್ತಿ ಸರಿದೂಗಿಸಿರುತ್ತದೆ. ರೈಫಲ್ 10 ಡಿಗ್ರಿ ಬಲಕ್ಕೆ ವಾಲಿದರೆ ಆ ಎತ್ತುವಿಕೆಯೂ ಬಲಕ್ಕೆ ವಾಲುತ್ತದೆ. ಪೆಲೆಟ್ ಸುಮಾರು 3 ಮಿ.ಮೀ. ಬಲಕ್ಕೆ, ಅಂದರೆ ಒಂದು ರಿಂಗಿಗಿಂತ ಜಾಸ್ತಿ. ಪ್ರತಿ ಸಲ ಒಂದೇ ಅಳತೆ ವಾಲಿದರೆ ತೊಂದರೆ ಇಲ್ಲ, ಸೈಟ್‌ನಲ್ಲಿ ಸರಿ ಮಾಡಬಹುದು. ಒಮ್ಮೆ ನೆಟ್ಟಗೆ, ಒಮ್ಮೆ ವಾಲಿಸಿ ಹಿಡಿದರೆ ಯಾವ ಸೈಟ್ ತಾನೇ ಏನು ಮಾಡೀತು?

ಸ್ಪ್ರಿಂಗ್ ರೈಫಲ್ ಇದ್ದವರು ಹಿಡಿತ ಗಮನಿಸಿ. ಪೆಲೆಟ್ ಬ್ಯಾರಲ್ ಬಿಡುವ ಮುಂಚೆಯೇ ಅದರ ಜಗ್ಗಾಟ ಶುರುವಾಗಿರುತ್ತದೆ. ಬಿಗಿಯಾಗಿ ಅಪ್ಪಿ ಹಿಡಿದರೆ ಒಂದು ಕಡೆ, ಸಡಿಲ ಬಿಟ್ಟರೆ ಇನ್ನೊಂದು ಕಡೆ. ಗಟ್ಟಿ ಮೇಜಿನ ಅಂಚಿಗೆ ನೇರವಾಗಿ ಒರಗಿಸಿ ಸೈಟ್ ಕೂರಿಸಿದರೆ ಕೈಯಲ್ಲಿ ಹಿಡಿದಾಗ ಅದು ಸುಳ್ಳಾಗುತ್ತದೆ. ಟವೆಲ್ ಮೇಲೆ ಕೈ, ಕೈ ಮೇಲೆ ರೈಫಲ್ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಸಿಲಿಂಡರ್ ಗಾಳಿಯ ರೈಫಲ್ ಆದರೆ ಒತ್ತಡದ ಮುಳ್ಳು ನೋಡಿ. ಗಾಳಿ ತೀರಾ ಕಡಿಮೆಯಾದಾಗ ಪೆಲೆಟ್ ಕೆಳಗೆ ಇಳಿಯುತ್ತಾ ಹೋಗುತ್ತದೆ.

ಬೆಳಕು ಬದಲಾದರೂ ಗ್ರೂಪ್ ಸರಿಯುತ್ತದೆ. ಓಪನ್ ಸೈಟ್‌ನಲ್ಲಿ ಇದು ಜಾಸ್ತಿ, ಕಂಬದ ಒಂದು ಪಕ್ಕ ಹೊಳೆದರೆ ಕಣ್ಣು ಮೋಸ ಹೋಗುತ್ತದೆ. ಬೆಳಿಗ್ಗೆ ಕೂರಿಸಿದ ಸೈಟ್ ಸಂಜೆ ಎರಡು ಮೂರು ಕ್ಲಿಕ್ ತಪ್ಪಿದರೆ ಗಾಬರಿ ಬೇಡ. ದೊಡ್ಡ ಪಂದ್ಯಗಳಲ್ಲೂ ಲೆಕ್ಕದ ಹೊಡೆತಗಳಿಗೆ ಮುಂಚೆ ತಯಾರಿಗೆ ಮತ್ತು ಸೈಟ್ ನೋಡಿಕೊಳ್ಳಲು 15 ನಿಮಿಷ ಕೊಡುತ್ತಾರೆ.

ನಾಬ್ ಕೊನೆ ಮುಟ್ಟಿದ್ದರೆ

ಈಗ ಆ ಹುಡುಗಿಯ ರೈಫಲ್. ನಾಬ್ ಕೊನೆ ಮುಟ್ಟಿದೆ, ಆದರೂ ಪೆಲೆಟ್ ಎಡಕ್ಕೇ ಎಂದರೆ ಸೈಟ್ ಕೂತ ಜಾಗದಲ್ಲೇ ಏನೋ ಸೊಟ್ಟ ಇದೆ. ಸರಿಸುವ ತಿರುಪು ಸಣ್ಣ ತಪ್ಪುಗಳಿಗೆ ಇರುವುದು, ದೊಡ್ಡ ಸೊಟ್ಟವನ್ನು ಅದು ಮುಚ್ಚಲಾರದು.

ರೈಫಲ್ ಖಾಲಿ ಮಾಡಿ ಬಟ್ಟೆ ಹಾಸಿದ ಮೇಜಿನ ಮೇಲೆ ಮಲಗಿಸಿದೆವು. ಹಿಂದಿನಿಂದ ನೋಡಿದಾಗ ಸೈಟ್ ಎಡಕ್ಕೆ ಚೂರೇ ಚೂರು ಓರೆಯಾಗಿತ್ತು. ಎರಡು ಸ್ಕ್ರೂಗಳಲ್ಲಿ ಒಂದು ಕಲ್ಲಿನಂತೆ ಬಿಗಿ, ಇನ್ನೊಂದು ಬೆರಳಲ್ಲೇ ತಿರುಗಿತು. ಸೈಟ್ ಕಳಚಿದೆ. ಹಳಿಯ ಎಡ ಅಂಚಿನಲ್ಲಿ ಹಳೆಯ ಗ್ರೀಸ್ ಜೊತೆ ಮರಳಿನಂಥ ಕೊಳೆ ಗಟ್ಟಿಯಾಗಿ ಅಂಟಿತ್ತು, ಉಗುರಿನಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರಿತು. ಹಿಂದೆ ಯಾರೋ ಅದರ ಮೇಲೆಯೇ ಸೈಟ್ ಕೂರಿಸಿ ಒಂದೇ ಸ್ಕ್ರೂ ಬಿಗಿ ಮಾಡಿದ್ದರು. ಅಷ್ಟೇ ಆಗಿದ್ದದ್ದು.

ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಹಳಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿದೆವು. ಸೈಟನ್ನು ಮತ್ತೆ ಕೂರಿಸುವ ಮುಂಚೆ ನಾಬನ್ನು ನಡುವಿಗೆ ತರಬೇಕು. ಅದಕ್ಕೆ ಕಣ್ಣಂದಾಜು ಸಾಲದು. ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಕ್ಲಿಕ್ ಎಂದು ಎಣಿಸಿ ಅರ್ಧಕ್ಕೆ ನಿಲ್ಲಿಸಬೇಕು. ಎಣಿಸುವ ಕೆಲಸ ಅವಳಿಗೇ ಕೊಟ್ಟೆ. 92 ಬಂತು. ವಾಪಸ್ 46 ತಿರುಗಿಸಿದಳು. ಸೈಟ್ ಕೂರಿಸಿ ಎರಡೂ ಸ್ಕ್ರೂಗಳನ್ನು ಇದಿಷ್ಟು ಅದಿಷ್ಟು ಎಂದು ಬಿಗಿ ಮಾಡಿದೆವು.

ಟವೆಲ್ ಮೇಲೆ ಕೈ ಇಟ್ಟು ಐದು ಹೊಡೆದಳು. ಐದೂ ನಾಣ್ಯದಡಿ, ನಡುವಿನಿಂದ 5 ಮಿ.ಮೀ. ಬಲಕ್ಕೆ. ಅವಳ ಸೈಟ್ ಕ್ಲಿಕ್ಕಿಗೆ 0.4 ಮಿ.ಮೀ. ಎಂದು ಆಗಲೇ ಅಳೆದಿದ್ದೆವು. ಅವಳು ಟಾರ್ಗೆಟ್ ಕಾಗದದ ಅಂಚಿನಲ್ಲೇ ಭಾಗಿಸಿ 12 ಎಂದು ಬರೆದಳು. ಮೊದಲು 6, ಐದು ಪೆಲೆಟ್, ಮತ್ತೆ 6. ಕೊನೆಯ ಐದರಲ್ಲಿ ಮೂರು ತೂತುಗಳು ನಡುವಿನ ಬಿಳಿ ಚುಕ್ಕೆಯನ್ನು ಪೂರ್ತಿ ತಿಂದುಹಾಕಿದ್ದವು. ಅಪ್ಪ ಆ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಅವಳು ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲಿ ಬರೆದುಕೊಂಡಳು: "ಎಡ ತುದಿಯಿಂದ ನಡು 46. ಒಂದು ಕ್ಲಿಕ್ 0.4."